ಈಸು ಬಲ್ಲವರೂ ಕ್ರೀಡೆಯ ಆಡಳಿತವೂ

ವಾಡಿಯು ಗಾಡಿ ಬದಲಿಸುವವರ ಊರು. ಮುಂಬಯಿಯಿಂದ ಮದರಾಸಿನ ಕಡೆಗೆ ಹೋಗುವ ಹಳಿಯಿಂದ ಹೈದರಾಬಾದಿನ ಹಳಿಯು ಇಲ್ಲಿ ಕವಲೊಡೆದುದು 1874ನೆಯ ಇಸವಿಯಲ್ಲಿ. ಅಂದಿನಿಂದ ಎಷ್ಟು ಜನರು ಈ ನಿಲ್ದಾಣದಲ್ಲಿ ಇಳಿದು, ಚಹ ಕುಡಿದು, ಮತ್ತೊಂದು ಗಾಡಿಯನ್ನು ಹತ್ತಿ ಹೋಗಿರುವರೋ ಲೆಕ್ಕವಿಟ್ಟವರಿಲ್ಲ. ಊರೊಳಕ್ಕೆ ಕಾಲಿಟ್ಟವರು ಮಾತ್ರ ಕಡಮೆ. ಇಟ್ಟಿದ್ದರೆ ಸಿಮೆಂಟಿನ ಕಾರಖಾನೆಯ ಹೊಗೆಗೊಳವೆಗಳನ್ನೂ ಅವುಗಳಾಚೆಗೆ ಫರಸಿಕಲ್ಲಿನ ಗಣಿಗಳನ್ನೂ ಕಾಣುತ್ತಿದ್ದರು. ಶಹಾಬಾದಿ ಕಲ್ಲೆಂದು ಹೆಸರಾದ ಈ ಫರಸಿಯನ್ನು ದೂರದೂರದ ಪಟ್ಟಣಗಳ ಮನೆಗಳಲ್ಲಿ ಹಾಸಿದ್ದಾರೆ. ಅದನ್ನು ಕಿತ್ತ ಕುಣಿಗಳು ಮಾತ್ರ ಈ ಸೀಮೆಯಲ್ಲಿಯೇ ಉಳಿದಿವೆ. ಮಳೆಗಾಲದಲ್ಲಿ ಆ ಕುಣಿಗಳು ತುಂಬುತ್ತವೆ. ನೀರು ತಿಳಿಯಾಗಿ, ನೀಲಿಯಾಗಿ, ನೋಡುವವರನ್ನು ಕರೆಯುವಂತೆ ನಿಲ್ಲುತ್ತದೆ. ಬದುವಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳ ಎರಡಾಳೋ ನಾಲ್ಕಾಳೋ ತಿಳಿಯದು. ಕಲ್ಲನ್ನು ನೆಟ್ಟಗೆ ಕೊಯ್ದ ಗೋಡೆಯಲ್ಲಿ ಹಿಡಿಯಲು ಬೇರಿಲ್ಲ, ಏರಲು ಮೆಟ್ಟಿಲಿಲ್ಲ. ನಮ್ಮ ಕಡೆಯ ಹುಡುಗರು ಸೊಂಟಕ್ಕೆ ಸೋರೆಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿಕೊಂಡು ಈಸು ಕಲಿಯುವುದು ಇಂಥ ಕಡೆ, ಇಲ್ಲವೆ ಕಾಗಿಣೆಯ ಮಡುಗಳಲ್ಲಿ. ಕಲಿತವರು ಮನೆಗೆ ಬರುತ್ತಾರೆ. ಕಲಿಯದವರ ಸುದ್ದಿಯು ಮರುದಿನದ ಪತ್ರಿಕೆಯ ಮೂರನೆಯ ಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತದೆ. ಅಂಥ ನಾಲ್ಕು ಸಾಲುಗಳನ್ನು ನಾವು ಎಷ್ಟು ಸಲ ಅಚ್ಚಿಗೆ ಕಳಿಸಿದ್ದೇವೆಂಬುದನ್ನು ನೆನೆದರೆ ಮನಸ್ಸಿಗೆ ಹಿತವೆನಿಸದು.

ನೀರಿನ ಪರಿಚಯವಿಲ್ಲದ ನಾಡು ನಮ್ಮದಲ್ಲ. ರಾಷ್ಟ್ರಕೂಟರ ಮಾನ್ಯಖೇಟವಾದ ಇಂದಿನ ಮಳಖೇಡವು ಇದೇ ಕಾಗಿಣೆಯ ದಂಡೆಯ ಮೇಲಿದೆ. ಆ ಹೊಳೆಯು ಮುಂದೆ ಭೀಮೆಯನ್ನು ಕೂಡುತ್ತದೆ, ಭೀಮೆಯು ಕೃಷ್ಣೆಯನ್ನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಜಲಕ್ರೀಡೆಯು ಅರಸರ ವಿನೋದಗಳ ಸಾಲಿನಲ್ಲಿ ಸ್ಥಾನ ಪಡೆದಿದೆ. ಆದರೆ ವಿನೋದ ಬೇರೆ, ವಿದ್ಯೆ ಬೇರೆ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಐವತ್ತು ಮೀಟರಿನ ಕೊಳದಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲಿಗಾಗಿ ವರ್ಷಗಟ್ಟಲೆ ದೇಹವನ್ನು ತೇಯುವ ವಿದ್ಯೆಯು ಕರ್ನಾಟಕದಲ್ಲಿ ಬೆಳೆದುದು ಹೆಚ್ಚಾಗಿ ಬೆಂಗಳೂರಿನಲ್ಲಿಯೇ. ಅದೂ ಅಲ್ಲಿಯ ನಾಲ್ಕೈದು ಕೊಳಗಳ ಸುತ್ತಲೇ. ಸದಾಶಿವನಗರದ ಕೆ. ಸಿ. ರೆಡ್ಡಿ ಈಜುಕೊಳ, ಬಸವನಗುಡಿಯ ಜಲಕ್ರೀಡಾ ಕೇಂದ್ರ ಮೊದಲಾದವು ನಮ್ಮ ದೇಶದ ಈಸುಗಾರರ ಅರ್ಧ ಚರಿತ್ರೆಯನ್ನು ಬರೆದಿವೆಯೆಂದರೆ ಅತಿಶಯೋಕ್ತಿಯೆನಿಸಲಾರದು. ಅಲ್ಲಿಯ ಶಿಕ್ಷಕರಾದ ನಿಹಾರ್ ಅಮೀನ್, ಪ್ರದೀಪ ಕುಮಾರ್ ಇವರಿಬ್ಬರಿಗೂ ಕೇಂದ್ರ ಸರಕಾರವು ದ್ರೋಣಾಚಾರ್ಯ ಪ್ರಶಸ್ತಿಯನ್ನಿತ್ತು ಗೌರವಿಸಿದೆ.

ಇಂದು ನಾವು ಹೇಳಹೊರಟಿರುವುದು ಆ ಕೊಳಗಳಿಂದ ಎದ್ದು ಬಂದ ಒಬ್ಬ ಹೆಣ್ಣುಮಗಳ ಸಂಗತಿ. ಆಕೆಯ ಪದಕಗಳ ಪಟ್ಟಿಯನ್ನೊಪ್ಪಿಸುವುದು ನಮ್ಮ ಉದ್ದೇಶವಲ್ಲ. ಪದಕಗಳ ತರುವಾಯ ಆಕೆಯು ಹಿಡಿದ ದಾರಿಯು ನಮ್ಮ ವಾಚಕರ, ವಿಶೇಷವಾಗಿ ಅಧಿಕಾರಸ್ಥಾನಗಳಲ್ಲಿರುವ ವಾಚಕರ ವಿಚಾರಕ್ಕೆ ತಕ್ಕುದಾಗಿದೆ.

ಶಿಖಾ ಟಂಡನ್ ಅವರು ಹುಟ್ಟಿದ್ದು 1985ನೆಯ ಇಸವಿಯ ಜನವರಿ 20ರಂದು, ಬೆಂಗಳೂರಿನಲ್ಲಿ. ಟಂಡನ್ ಎಂಬ ಉಪನಾಮವನ್ನು ಕೇಳಿ, ಇವರು ಕನ್ನಡಿಗರು ಹೇಗಾದಾರೆಂದು ಹುಬ್ಬೇರಿಸುವವರು ನಮ್ಮಲ್ಲಿ ಇಲ್ಲದಿಲ್ಲ. ಅಂಥವರಿಗೆ ನಮ್ಮ ಉತ್ತರವು ಸರಳವಾಗಿದೆ: ಕರ್ನಾಟಕದ ನೆಲದಲ್ಲಿ ಹುಟ್ಟಿ, ಕರ್ನಾಟಕದ ನೀರಿನಲ್ಲಿ ಈಸಿ, ಕರ್ನಾಟಕದ ಹೆಸರಿನಿಂದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗೆದ್ದವರು ನಮ್ಮವರಲ್ಲದೆ ಮತ್ತಾರವರು? ವಂಶವೃಕ್ಷವನ್ನು ಕೇಳಿ ಅಭಿಮಾನವನ್ನು ಅಳೆದುಕೊಡುವ ಪದ್ಧತಿಯನ್ನು ನಾವು ಒಪ್ಪಲಾರೆವು.

ಅವರ ಕಾಲಕ್ಕೆ ಸ್ವಲ್ಪ ಮುಂಚೆ ದಾರಿಯನ್ನು ತುಳಿದು ಹದಮಾಡಿದವರು ನಿಶಾ ಮಿಲೆಟ್. ಐದು ವರ್ಷದ ಮಗುವಾಗಿದ್ದಾಗ ನೀರಿನಲ್ಲಿ ಮುಳುಗಿ ಬದುಕಿಕೊಂಡವರು ಅವರು. ಅಂಥ ಮಗುವನ್ನು ನೀರಿನ ಹತ್ತಿರ ಸುಳಿಯಗೊಡದಿರುವುದು ನಮ್ಮ ಮನೆಗಳ ವಾಡಿಕೆ. ಅವರ ತಂದೆ ಹಾಗೆ ಮಾಡದೆ, ಮಗಳು ಈಸು ಕಲಿಯಲೇಬೇಕೆಂದು ಹಟ ಹಿಡಿದರು. ಆ ಹಟದ ಫಲವಾಗಿ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 200 ಮೀಟರು ಮುಕ್ತಶೈಲಿಯ ಸ್ಪರ್ಧೆಯಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಈಸಿದಳು. ಅರ್ಜುನ ಪ್ರಶಸ್ತಿಯನ್ನು ಪಡೆದ ಅವರು ಮುಂದೆ ಸ್ಪರ್ಧೆಯನ್ನು ಬಿಟ್ಟು, ಬೆಂಗಳೂರಿನಲ್ಲಿ ತಮ್ಮದೇ ಹೆಸರಿನ ಈಜುಶಾಲೆಯನ್ನು ತೆರೆದರು. ಅದೇ ಸಿಡ್ನಿಯಲ್ಲಿ ಪುರುಷರ 200 ಮೀಟರಿನಲ್ಲಿ ಈಸಿದ ಹಕೀಮುದ್ದೀನ್ ಹಬೀಬುಲ್ಲಾ ಅವರು ಮುಂದೆ ಬೆಂಗಳೂರಿನ ಗೋಸ್ಪೋರ್ಟ್ಸ್ ಪ್ರತಿಷ್ಠಾನದಲ್ಲಿ ದುಡಿದು, ತರುಣ ಕ್ರೀಡಾಳುಗಳಿಗೆ ಹಣವನ್ನೂ ಮಾರ್ಗದರ್ಶನವನ್ನೂ ಒದಗಿಸುವ ಕಾರ್ಯದಲ್ಲಿ ಭಾಗಿಗಳಾದರು. ಕೊಳದಿಂದೆದ್ದವರು ಕೊಳದ ಋಣವನ್ನು ತೀರಿಸಿದ ಉದಾಹರಣೆಗಳಿವು.

ಶಿಖಾ ಅವರ ಈಸುವಿಕೆಯು ವೇಗದ್ದು: 50 ಮೀಟರು, 100 ಮೀಟರು. ದೂರದ ಈಸುಗಾರನಿಗೆ ತಪ್ಪನ್ನು ತಿದ್ದಿಕೊಳ್ಳಲು ಸಮಯವಿರುತ್ತದೆ. ಐವತ್ತು ಮೀಟರಿನವರಿಗೆ ಅದಿಲ್ಲ. ಹಾರಿದ್ದು ತುಸು ತಡವಾದರೂ, ಕೈ ಗೋಡೆಯನ್ನು ಮುಟ್ಟುವಾಗ ಅರ್ಧ ಹೊಡೆತ ಹೆಚ್ಚಾದರೂ, ಆಟ ಮುಗಿಯಿತು. ಇಂಥ ಅರ್ಧ ನಿಮಿಷದ ಕೆಲಸಕ್ಕಾಗಿ ಬೆಳಗಿನ ಐದು ಗಂಟೆಗೆ ಎದ್ದು, ಶಾಲೆಗೆ ಮುಂಚೆ ಒಂದು ಹೊತ್ತು, ಶಾಲೆಯ ತರುವಾಯ ಒಂದು ಹೊತ್ತು ನೀರಿನಲ್ಲಿರಬೇಕು. ಕೊಳದ ಈ ತುದಿಯಿಂದ ಆ ತುದಿಗೆ ನೂರು ಸಲ ಈಸಿದರೆ ಐದು ಕಿಲೋಮೀಟರು. ಅದು ಒಂದು ಹೊತ್ತಿನ ಪಾಠ. ಈ ಪಾಠವನ್ನು ಹತ್ತು ಹನ್ನೆರಡು ವರ್ಷ ತಪ್ಪದೆ ಓದಿದ ಶಿಖಾ ಅವರು ರಾಷ್ಟ್ರೀಯ ಸ್ಪರ್ಧೆಗಳಲ್ಲಿ 146 ಪದಕಗಳನ್ನೂ, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 36 ಪದಕಗಳನ್ನೂ ಗಳಿಸಿದರು. 2002ರಲ್ಲಿ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಈಸಿದಾಗ ಅವರಿಗೆ ಇನ್ನೂ ಹದಿನೇಳು ವರ್ಷ.

2004ರಲ್ಲಿ ಅಥೆನ್ಸಿನ ಒಲಿಂಪಿಕ್ಸು ಬಂದಿತು. ಶಿಖಾ ಅವರು ಅಲ್ಲಿ 50 ಮೀಟರು ಮತ್ತು 100 ಮೀಟರು ಮುಕ್ತಶೈಲಿಗಳೆರಡರಲ್ಲಿಯೂ ಸ್ಪರ್ಧಿಸಿದರು. ಭಾರತದ ಈಸುಗಾರ್ತಿಯೊಬ್ಬಳು ಒಂದೇ ಒಲಿಂಪಿಕ್ಸಿನಲ್ಲಿ ಎರಡು ಸ್ಪರ್ಧೆಗಳ ಅರ್ಹತೆ ಪಡೆದುದು ಆಗ ದೊಡ್ಡ ಮಾತಾಗಿತ್ತು. ಎರಡರಲ್ಲಿಯೂ ಅವರು ಮೊದಲ ಸುತ್ತನ್ನು ದಾಟಲಿಲ್ಲ. ಇದನ್ನು ನಾವು ಮುಚ್ಚಿ ಹೇಳುವುದಿಲ್ಲ. ಮುಚ್ಚುವ ಅಗತ್ಯವೂ ಇಲ್ಲ. 50 ಮೀಟರಿನ ಬಂಗಾರವನ್ನು ಹಾಲಂಡಿನ ಇಂಗೆ ಡಿ ಬ್ರೂಯಿನ್ 24.58 ಸೆಕೆಂಡುಗಳಲ್ಲಿ ಗೆದ್ದರು. ಆ ವೇಗಕ್ಕೂ ನಮ್ಮವರ ವೇಗಕ್ಕೂ ಆಗ ಇದ್ದ ಅಂತರವು ಒಬ್ಬ ಹುಡುಗಿಯ ಶ್ರಮದ ಕೊರತೆಯಿಂದ ಬಂದುದಲ್ಲ. ಅಲ್ಲಿಯ ಕೊಳ, ಅಲ್ಲಿಯ ವೈದ್ಯ, ಅಲ್ಲಿಯ ಆಹಾರಶಾಸ್ತ್ರ, ಅಲ್ಲಿಯ ಶಿಕ್ಷಣಕ್ರಮ ಇವೆಲ್ಲವುಗಳ ಮೊತ್ತವೇ ಆ ಅಂತರ. ಮರುವರ್ಷ, ಎಂದರೆ 2005ರಲ್ಲಿ, ಅವರಿಗೆ ಅರ್ಜುನ ಪ್ರಶಸ್ತಿಯು ದೊರೆಯಿತು. ಆಗ ಅವರ ವಯಸ್ಸು ಇಪ್ಪತ್ತು.

ಇಪ್ಪತ್ತಕ್ಕೆ ಎಲ್ಲ ಮಾನಗಳನ್ನೂ ಪಡೆದ ಈಸುಗಾರ್ತಿಯು ಇಪ್ಪತ್ತೈದಕ್ಕೆ ಏನು ಮಾಡಬೇಕು? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಬಹುಕಾಲದಿಂದ ಒಂದೇ ಉತ್ತರವಿದೆ: ರೇಲ್ವೆಯಲ್ಲೋ ಪೋಲೀಸಿನಲ್ಲೋ ಒಂದು ನೌಕರಿ. ವಾಡಿಯಂಥ ರೇಲ್ವೆ ಊರಿನವರಿಗೆ ಕ್ರೀಡೆಯ ಮೀಸಲಿನಿಂದ ಬಂದ ನೌಕರರ ಪರಿಚಯವನ್ನು ಮಾಡಿಕೊಡುವ ಅವಶ್ಯವಿಲ್ಲ. ಆ ನೌಕರಿಯನ್ನು ನಾವು ಹಳಿಯುವುದಿಲ್ಲ. ಎಷ್ಟೋ ಬಡ ಕುಟುಂಬಗಳು ಅದರಿಂದ ಎರಡು ಹೊತ್ತು ಉಂಡಿವೆ. ಆದರೆ ಅದರಲ್ಲಿ ಒಂದು ವಿಚಿತ್ರವಿದೆ. ನೆರೆಯ ಕೊಲ್ಲಾಪುರದ ವೀರಧವಲ ಖಾಡೆಯವರನ್ನೇ ನೋಡಿರಿ. 2010ರ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಅವರು ಕಂಚಿನ ಪದಕ ತಂದರು. ಈಸಿನಲ್ಲಿ ಭಾರತಕ್ಕೆ ಏಷ್ಯದ ಪದಕ ಬಂದುದು 1986ರಲ್ಲಿ ಖಜಾನ್ ಸಿಂಗರು ಬೆಳ್ಳಿ ಗೆದ್ದ ತರುವಾಯ ಅದೇ ಮೊದಲು. ಮಹಾರಾಷ್ಟ್ರ ಸರಕಾರವು ಅವರನ್ನು ತಹಸೀಲದಾರರನ್ನಾಗಿ ಮಾಡಿತು. ಕಂದಾಯದ ಕಡತಗಳ ನಡುವೆ ವರ್ಷಗಳನ್ನು ಕಳೆದು, ಮತ್ತೆ ಕೊಳಕ್ಕಿಳಿದ ಖಾಡೆಯವರು 2018ರ ಜಕಾರ್ತ ಕೂಟದ 50 ಮೀಟರಿನಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಂಚನ್ನು ಕಳೆದುಕೊಂಡರು. ಆ ವೇಗದಲ್ಲಿ ನೂರನೆಯ ಒಂದು ಪಾಲೆಂದರೆ ಒಂದು ಹೆಬ್ಬೆರಳಿನ ಅಗಲ. ಪಹಣಿಪತ್ರಗಳ ಮೇಲೆ ರುಜು ಹಾಕುತ್ತ ಕಳೆದ ದಿನಗಳಲ್ಲಿ ಆ ಹೆಬ್ಬೆರಳಿನ ಅಗಲವು ಎಲ್ಲಿ ಹೋಯಿತೆಂದು ಯಾರು ಹೇಳಬಲ್ಲರು? ಸನ್ಮಾನವೆಂದು ಕೊಟ್ಟ ಹುದ್ದೆಯು ಅವನ ವಿದ್ಯೆಗೆ ಸಂಬಂಧವಿಲ್ಲದ್ದಾದರೆ, ಸರಕಾರಕ್ಕೆ ಒಬ್ಬ ಸಾಧಾರಣ ತಹಸೀಲದಾರನು ಸಿಕ್ಕಬಹುದು. ದೇಶಕ್ಕೆ ಒಬ್ಬ ಅಸಾಧಾರಣ ಈಸುಗಾರನು ತಪ್ಪುತ್ತಾನೆ.

ಶಿಖಾ ಟಂಡನ್ ಅವರು ಈ ಹಾದಿಯನ್ನು ಹಿಡಿಯಲಿಲ್ಲ. ಅವರ ಒಲವು ಜೀವವಿಜ್ಞಾನದ ಕಡೆಗಿದ್ದಿತು. ಅಮೇರಿಕೆಯ ಓಹಾಯೋ ಪ್ರಾಂತದ ಕ್ಲೀವ್‌ಲ್ಯಾಂಡಿನಲ್ಲಿರುವ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯಕ್ಕೆ ಹೋಗಿ ಅವರು ಆ ಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಮಾಡಿದರು. ಅಲ್ಲಿಂದ ಕಾಲರಾಡೋ ಸ್ಪ್ರಿಂಗ್ಸಿನಲ್ಲಿ ಮುಖ್ಯ ಕಚೇರಿಯುಳ್ಳ ಅಮೇರಿಕೆಯ ಉದ್ದೀಪನ ಮದ್ದು ನಿರೋಧ ಸಂಸ್ಥೆಯನ್ನು, ಅಂದರೆ ಯೂಸಾಡಾ ಎಂದು ಕರೆಯಲ್ಪಡುವ ಸಂಸ್ಥೆಯನ್ನು ಸೇರಿ, ಅದರ ವಿಜ್ಞಾನ ವಿಭಾಗದ ಕಾರ್ಯಕ್ರಮಗಳ ಹೊಣೆಯನ್ನು ಹೊತ್ತರು. ತರುವಾಯ ಕ್ಯಾಲಿಫೋರ್ನಿಯಾದಲ್ಲಿ ಕ್ರೀಡಾಳುಗಳ ದೇಹಸ್ಥಿತಿಯ ಅಂಕಿಗಳನ್ನು ಶೋಧಿಸುವ ಸ್ವೆಕ್ಸಾ ಎಂಬ ಸಂಸ್ಥೆಗೆ ಹೋದರು. ಬೆಂಗಳೂರಿನ ಕೊಳದಲ್ಲಿ ಈಸಿದವರೊಬ್ಬರು ಜಗತ್ತಿನ ಅತಿ ಬಲಿಷ್ಠ ಕ್ರೀಡಾರಾಷ್ಟ್ರದ ಆಟಗಾರರು ಶುದ್ಧರೋ ಅಶುದ್ಧರೋ ಎಂಬುದನ್ನು ನಿರ್ಣಯಿಸುವ ಆಡಳಿತದಲ್ಲಿ ಪಾಲುಗೊಂಡರೆಂದರೆ ಅದು ಸಣ್ಣ ಸಂಗತಿಯಲ್ಲ.

ಉದ್ದೀಪನ ಮದ್ದಿನ ಮಾತು ನಮ್ಮ ವಾಚಕರಲ್ಲಿ ಕೆಲವರಿಗೆ ದೂರದ್ದೆನಿಸಬಹುದು. ಆದರೆ ಈಸಿನ ಚರಿತ್ರೆಯು ಈ ಕಲಂಕದಿಂದ ಬಹಳ ನೊಂದಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಪೂರ್ವ ಜರ್ಮನಿಯ ಹುಡುಗಿಯರು ಮಹಿಳೆಯರ 13 ಈಜುಸ್ಪರ್ಧೆಗಳಲ್ಲಿ 11ನ್ನು ಗೆದ್ದರು. ಜಗತ್ತು ಬೆರಗಾಯಿತು. ಜರ್ಮನಿಗಳೆರಡೂ 1990ರಲ್ಲಿ ಒಂದಾಗಿ, ಗುಪ್ತ ಕಡತಗಳು ಹೊರಬಿದ್ದಾಗ ಸಂಗತಿಯು ಬಯಲಾಯಿತು: ಹದಿಮೂರು ಹದಿನಾಲ್ಕರ ಬಾಲೆಯರಿಗೆ ಜೀವಸತ್ವದ ಗುಳಿಗೆಗಳೆಂದು ಹೇಳಿ ಪುರುಷರಸದ ಗುಳಿಗೆಗಳನ್ನು ಸರಕಾರದ ಅಪ್ಪಣೆಯಿಂದಲೇ ನುಂಗಿಸಲಾಗಿತ್ತು. ಅವರ ಧ್ವನಿ ಒಡೆಯಿತು, ಅನೇಕರ ಗರ್ಭಕೋಶವೂ ಯಕೃತ್ತೂ ಕೆಟ್ಟವು. ಇದನ್ನು ಮಾಡಿದವರಾರು? ಈಸುಗಾರರಲ್ಲ, ಆಡಳಿತಗಾರರು. ಆ ದೇಶದ ಕ್ರೀಡೆಗೆಲ್ಲ ಮುಖ್ಯಾಧಿಕಾರಿಯಾಗಿದ್ದ ಮಾನ್‌ಫ್ರೆಡ್ ಎವಾಲ್ಡನನ್ನು 2000ದಲ್ಲಿ ಬರ್ಲಿನ್ನಿನ ನ್ಯಾಯಾಲಯವು ಅಪರಾಧಿಯೆಂದು ನಿರ್ಣಯಿಸಿತು. ಶಿಕ್ಷೆಯು ಅಮಾನತ್ತಿನಲ್ಲಿಟ್ಟ 22 ತಿಂಗಳುಗಳು ಮಾತ್ರ. ಆ ಹೆಣ್ಣುಮಕ್ಕಳಿಗೆ ಆಯುಷ್ಯವಿಡೀ. 1994ರಲ್ಲಿ ರೋಮಿನ ವಿಶ್ವಸ್ಪರ್ಧೆಯಲ್ಲಿ ಚೀನದ ಈಸುಗಾರ್ತಿಯರು 16 ಬಂಗಾರಗಳಲ್ಲಿ 12ನ್ನು ಕೊಂಡೊಯ್ದು, ಅದೇ ವರ್ಷ ಹಿರೋಶಿಮಾದ ಏಷ್ಯನ್ ಕೂಟದ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದರು. ಇಂಥವುಗಳೆಲ್ಲದರ ಪರಿಣಾಮವಾಗಿ 1999ರ ಕೊನೆಯಲ್ಲಿ ವಿಶ್ವ ಉದ್ದೀಪನ ಮದ್ದು ನಿರೋಧ ಸಂಸ್ಥೆಯು ಹುಟ್ಟಿತು. ಅದರ ಹ್ರಸ್ವನಾಮವು ವಾಡಾ. ನಮ್ಮ ವಾಡಿಗೂ ಅದಕ್ಕೂ ಸಂಬಂಧವೇನೂ ಇಲ್ಲ! ಅದರ ಬೆನ್ನಲ್ಲಿಯೇ 2000ದ ಅಕ್ಟೋಬರದಲ್ಲಿ ಅಮೇರಿಕೆಯ ಯೂಸಾಡಾ ಕಾರ್ಯಾರಂಭ ಮಾಡಿತು. ತನ್ನ ದೇಶದ ಮಹಾವೀರನೆಂದು ಮೆರೆದ ಸೈಕಲ್ ಸವಾರ ಲಾನ್ಸ್ ಆರ್ಮ್‌ಸ್ಟ್ರಾಂಗನ ಏಳು ವಿಜಯಗಳನ್ನು 2012ರಲ್ಲಿ ರದ್ದುಪಡಿಸಿದುದು ಇದೇ ಸಂಸ್ಥೆಯ ವಿಚಾರಣೆ. ಸ್ವದೇಶದವನೆಂದು ಕಣ್ಣು ಮುಚ್ಚಲಿಲ್ಲ. ದೇಶಾಭಿಮಾನವು ಹೀಗೂ ಇರಬಲ್ಲುದು.

ಈ ಪರೀಕ್ಷೆಯ ಕ್ರಮವು ಕಠಿಣವಾದುದು. ದೊಡ್ಡ ಆಟಗಾರನು ಪ್ರತಿದಿನವೂ ತಾನು ಎಲ್ಲಿರುವೆನೆಂಬುದನ್ನು ಮುಂದಾಗಿಯೇ ತಿಳಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ಆ ಲೆಕ್ಕ ತಪ್ಪಿದರೆ, ಮದ್ದು ಮುಟ್ಟದಿದ್ದರೂ ಅಪರಾಧಿ. ಮೂತ್ರವನ್ನು ಎರಡು ಶೀಷೆಗಳಲ್ಲಿ ತುಂಬಿ ಮೊಹರು ಮಾಡುತ್ತಾರೆ. ಮೊದಲನೆಯದರಲ್ಲಿ ದೋಷ ಕಂಡರೆ ಎರಡನೆಯದನ್ನು ಒಡೆಯಿಸಿ ಮರುಪರೀಕ್ಷೆ ಬೇಡುವ ಹಕ್ಕು ಆಟಗಾರನದು. ಆದರೆ ದೇಹದಲ್ಲಿ ವಸ್ತು ಸಿಕ್ಕಿತೆಂದರೆ, ಅದು ಹೇಗೆ ಬಂದಿತೆಂದು ತೋರಿಸುವ ಭಾರವೆಲ್ಲ ಅವನ ಮೇಲೆಯೇ ಬೀಳುತ್ತದೆ. ಕೆಮ್ಮಿನ ಔಷಧದಿಂದ ಬಂದರೂ ಸರಿಯೆ. ಇದನ್ನು ಬರೆಯುವಾಗ ನಮಗೆ ಮಿತಾಕ್ಷರೆಯು ನೆನಪಾಗುತ್ತದೆ. ಅದನ್ನು ಬರೆದ ವಿಜ್ಞಾನೇಶ್ವರನ ಮರತೂರು ವಾಡಿಗೆ ಬಹುದೂರದ್ದಲ್ಲ. ಯಾಜ್ಞವಲ್ಕ್ಯನು ಹೇಳಿ, ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ದಿವ್ಯಗಳಲ್ಲಿ ಜಲದಿವ್ಯವೂ ಒಂದು. ಹೊಕ್ಕುಳುದ್ದದ ನೀರಿನಲ್ಲಿ ನಿಂತವನೊಬ್ಬನ ತೊಡೆಗಳನ್ನು ಹಿಡಿದು ಆರೋಪಿಯು ಮುಳುಗಬೇಕು. ಅದೇ ಕ್ಷಣಕ್ಕೆ ಬಿಟ್ಟ ಬಾಣವನ್ನು ವೇಗದ ಓಟಗಾರನೊಬ್ಬನು ತರಬೇಕು. ಅವನು ಬರುವ ವರೆಗೆ ನೀರೊಳಗೇ ಇದ್ದವನು ಶುದ್ಧ. ಉಸಿರು ಗಟ್ಟಿಯಿದ್ದವನಿಗೆ ಅನುಕೂಲವಾದ ನ್ಯಾಯವೆಂದು ಯಾರಾದರೂ ನಕ್ಕಾರು. ಹೊಸ ಕಾಲದ ದಿವ್ಯವು ಶೀಷೆಯದು. ಹಳೆಯದಕ್ಕಿಂತ ಸಾವಿರ ಪಾಲು ಮೇಲು. ಆದರೂ ಶುದ್ಧಿಯನ್ನು ತಾನೇ ತೋರಿಸಿಕೊಳ್ಳಬೇಕಾದ ಭಾರವು ಅಂದಿನಂತೆ ಇಂದಿಗೂ ಆರೋಪಿಯದೇ. ಆ ಭಾರವನ್ನು ಹೊತ್ತು ಬಲ್ಲವರು, ಎಂದರೆ ಬೆಳಗಿನ ಜಾವದಲ್ಲಿ ಬಾಗಿಲು ಬಡಿದ ಪರೀಕ್ಷಕನಿಗೆ ಶೀಷೆ ತುಂಬಿಸಿಕೊಟ್ಟು ಬಲ್ಲವರು, ಈ ನಿಯಮಗಳನ್ನು ನಡೆಸುವ ಕಚೇರಿಯಲ್ಲಿರುವುದು ಎಷ್ಟು ಅವಶ್ಯವೆಂಬುದು ಇದರ ಮೇಲಿಂದ ತಿಳಿಯದಿರದು.

ಇನ್ನು ನಮ್ಮ ಮನೆಯ ಕಡೆಗೆ ನೋಡೋಣ. ಭಾರತದಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ನಿರೋಧ ಸಂಸ್ಥೆಯು ಸ್ಥಾಪಿತವಾದುದು 2005ರಲ್ಲಿ. ಅದಕ್ಕೆ ಶಾಸನದ ಬಲ ಬಂದುದು 2022ರಲ್ಲಿ. ನಡುವೆ 2019ರಲ್ಲಿ ದಿಲ್ಲಿಯ ನಮ್ಮ ಪ್ರಯೋಗಶಾಲೆಯ ಮಾನ್ಯತೆಯನ್ನೇ ವಾಡಾ ಅಮಾನತ್ತಿನಲ್ಲಿಟ್ಟಿತು. 2021ರ ಕೊನೆಯ ವರೆಗೆ ನಮ್ಮವರ ಶೀಷೆಗಳು ಪರದೇಶಕ್ಕೆ ಹೋಗಬೇಕಾದವು. 2023ನೆಯ ಇಸವಿಯಲ್ಲಿ ಭಾರತವು ಪರೀಕ್ಷಿಸಿದ ಮಾದರಿಗಳು 5,606; ದೋಷ ಕಂಡವು 213. ನೂರಕ್ಕೆ 3.8. ಹೆಚ್ಚು ಮಾದರಿಗಳನ್ನು ಪರೀಕ್ಷಿಸುವ ರಾಷ್ಟ್ರಗಳಲ್ಲಿ ಇಷ್ಟು ಪ್ರಮಾಣವು ಬೇರೆಯವರದಿಲ್ಲ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟವು ಅಹಮದಾಬಾದಿಗೆ ದೊರೆತಿದೆ. 2036ರ ಒಲಿಂಪಿಕ್ಸು ನಮಗೆ ಬೇಕೆಂದು 2024ರಲ್ಲಿಯೇ ಅರ್ಜಿಯ ಪತ್ರವನ್ನು ಕಳುಹಿದ್ದೇವೆ. ಅತಿಥಿಗಳನ್ನು ಕರೆಯುವವನು ಮೊದಲು ತನ್ನ ಅಂಗಳವನ್ನು ಗುಡಿಸಬೇಡವೆ? ದೋಷಿಗಳಾದ ತರುಣರಲ್ಲಿ ಅನೇಕರು ಹಳ್ಳಿಗಳಿಂದ ಬಂದವರು. ನೌಕರಿಯ ಮೀಸಲಿಗಾಗಿ ಒಂದು ಪದಕ ಸಿಕ್ಕರೆ ಸಾಕೆಂದು, ಅಂಗಡಿಯವನೋ ಶಿಕ್ಷಕನೋ ಕೊಟ್ಟ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿದವರು. ಅವರಿಗೆ ಅವರ ಭಾಷೆಯಲ್ಲಿ ತಿಳಿಸಿ ಹೇಳಬೇಕಾದ ಆಡಳಿತವು ನಮಗೆ ಬೇಕಾಗಿದೆ. ಆ ಕಾರ್ಯವನ್ನು ಬಲ್ಲ ಕರ್ನಾಟಕದ ಈಸುಗಾರ್ತಿಯು ಅದನ್ನು ಮಾಡಿದ್ದು ಅಮೇರಿಕೆಯವರಿಗಾಗಿ. ಹೋದವರನ್ನು ನಾವು ದೂರುವುದಿಲ್ಲ. ಅವರಿಗೆ ತಕ್ಕ ಕುರ್ಚಿಯನ್ನು ಇಲ್ಲಿ ಯಾರೂ ಹಾಕಿಡಲಿಲ್ಲವೆಂಬುದೇ ನಮ್ಮ ಆಕ್ಷೇಪ.

ಆಡಿದವರೆಲ್ಲರೂ ಆಳಬಲ್ಲರೆಂದು ನಮ್ಮ ವಾದವಲ್ಲ. ಬಸವನಗುಡಿಯ ಜಲಕ್ರೀಡಾ ಕೇಂದ್ರವನ್ನು ಕಟ್ಟಿದ, ಕರ್ನಾಟಕ ಈಜು ಸಂಘದ ಅಧ್ಯಕ್ಷರಾಗಿದ್ದ ನೀಲಕಂಠ ರಾವ್ ಜಗದಾಳೆಯವರು ಉದ್ಯಮಿಗಳು. 2019ರಲ್ಲಿ ಗತಿಸಿದ ಅವರ ಹೆಸರನ್ನು ಕೊಳದ ದಂಡೆಯ ಜನರು ಇಂದಿಗೂ ಆದರದಿಂದ ಸ್ಮರಿಸುತ್ತಾರೆ. ದುಡ್ಡಿನ ಲೆಕ್ಕವನ್ನು ಬಲ್ಲವರೂ ಬೇಕು. ಇತ್ತ, ಒಳ್ಳೆಯ ಆಟಗಾರರು ಸಂಘಗಳ ಗದ್ದುಗೆಯೇರಿ ಗುಂಪುಗಾರಿಕೆಯಲ್ಲಿ ಮುಳುಗಿದ ಉದಾಹರಣೆಗಳೂ ಉಂಟು. ಆದರೆ ನಮ್ಮ ದೇಶದ ರೋಗವು ಆಟಗಾರರು ಹೆಚ್ಚಾದುದರಿಂದ ಬಂದುದಲ್ಲ. ಒಮ್ಮೆಯೂ ಬೆವರು ಸುರಿಸದವರು ಇಪ್ಪತ್ತು ಮೂವತ್ತು ವರ್ಷ ಒಂದೇ ಕುರ್ಚಿಯನ್ನು ಬಿಡದೆ ಕುಳಿತುದರಿಂದ ಬಂದುದು. ಭಾರತೀಯ ಒಲಿಂಪಿಕ್ ಸಂಸ್ಥೆಗೆ ಒಲಿಂಪಿಕ್ಸಿನಲ್ಲಿ ಓಡಿದವರೊಬ್ಬರು, ಪಿ. ಟಿ. ಉಷಾ ಅವರು, ಅಧ್ಯಕ್ಷರಾದುದು 2022ರ ಡಿಸೆಂಬರದಲ್ಲಿ. ಅಲ್ಲಿಯ ವರೆಗೆ ಆ ಪೀಠವು ಯಾರು ಯಾರಿಗೆ ಸಂದಿತ್ತೆಂಬುದನ್ನು ವಾಚಕರು ಬಲ್ಲರು. 2025ರ ಆಗಸ್ಟಿನಲ್ಲಿ ಲೋಕಸಭೆ ರಾಜ್ಯಸಭೆಗಳು ಒಪ್ಪಿದ ರಾಷ್ಟ್ರೀಯ ಕ್ರೀಡಾಡಳಿತ ಕಾಯಿದೆಯು, ಹದಿನೈದಕ್ಕೆ ಮೀರದ ಕಾರ್ಯಕಾರಿ ಸಮಿತಿಯಲ್ಲಿ ಕಡಮೆಪಕ್ಷ ಇಬ್ಬರು ಶ್ರೇಷ್ಠ ಆಟಗಾರರೂ ನಾಲ್ವರು ಮಹಿಳೆಯರೂ ಇರಬೇಕೆಂದು ವಿಧಿಸಿದೆ. ಇದು ಒಳ್ಳೆಯ ಆರಂಭ. ಆದರೆ ಹದಿನೈದು ಜನರಲ್ಲಿ ಇಬ್ಬರ ಮಾತು ಎಷ್ಟು ನಡೆದೀತೆಂಬುದನ್ನು ಪುರಸಭೆಯ ಸಭೆಗಳನ್ನು ಕಂಡವರಿಗೆ ನಾವು ವಿವರಿಸಬೇಕಾಗಿಲ್ಲ. ಆ ಇಬ್ಬರು ಬರಿಯ ಪದಕಧಾರಿಗಳಾಗಿರದೆ, ಶಿಖಾ ಅವರಂತೆ ಆಟದ ಜೊತೆಗೆ ಒಂದು ಶಾಸ್ತ್ರವನ್ನೂ ಕಲಿತವರಾಗಿದ್ದರೆ ಉಳಿದ ಹದಿಮೂವರು ಕಿವಿಗೊಡದೆ ಗತ್ಯಂತರವಿರದು. ಆದುದರಿಂದ ತರುಣ ಈಸುಗಾರರಿಗೆ ನಮ್ಮ ಸೂಚನೆಯು ಇಷ್ಟೇ: ಪುಸ್ತಕವನ್ನು ಕೊಳದ ದಂಡೆಯ ಮೇಲಾದರೂ ಇಟ್ಟಿರಲಿ, ಮನೆಯಲ್ಲಿ ಬಿಟ್ಟು ಬರಬೇಡಿರಿ. ಅದಕ್ಕೆ ತಕ್ಕ ರಿಯಾಯತಿಯನ್ನು, ಹಾಜರಿಯಲ್ಲಿಯೂ ಪರೀಕ್ಷೆಯ ದಿನಗಳಲ್ಲಿಯೂ, ವಿಶ್ವವಿದ್ಯಾಲಯಗಳು ಕೊಡಬೇಕು.

ಬೆಂಗಳೂರಿನ ಕೊಳಗಳು ಇಂದಿಗೂ ಬರಿದಾಗಿಲ್ಲ. ಶ್ರೀಹರಿ ನಟರಾಜರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೂ 2024ರ ಪ್ಯಾರಿಸಿಗೂ ಹೋಗಿ ಬಂದರು. ಪ್ಯಾರಿಸಿನಲ್ಲಿ ಧಿನಿಧಿ ದೇಸಿಂಗು ಎಂಬ ಹದಿನಾಲ್ಕರ ಬಾಲೆ ಈಸಿದಳು. ಸಂತೋಷ. ಆದರೆ ಕರ್ನಾಟಕವೆಂದರೆ ಬೆಂಗಳೂರೊಂದೇ ಅಲ್ಲವಷ್ಟೆ! ಸೇಡಂ, ಚಿತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಹುಡುಗರು ಕಾಗಿಣೆಯಲ್ಲಿ ಈಸುವುದನ್ನು ಕಂಡವರಿಗೆ ಅವರ ಎದೆಗಾರಿಕೆಯ ವಿಷಯದಲ್ಲಿ ಸಂಶಯ ಬಾರದು. ಅವರಿಗಿಲ್ಲದಿರುವುದು ಅಳೆದ ನೀರು. ಐವತ್ತು ಮೀಟರು ಉದ್ದ, ಇಪ್ಪತ್ತೈದು ಮೀಟರು ಅಗಲ, ಎರಡು ಮೀಟರು ಆಳದ ಕೊಳಕ್ಕೆ 25 ಲಕ್ಷ ಲೀಟರು ನೀರು ಬೇಕು. ಬೇಸಗೆಯಲ್ಲಿ ಕೊಡದ ನೀರಿಗೆ ಸಾಲು ನಿಲ್ಲುವ ಜನರಿಗೆ ಈ ಅಂಕಿಯು ಐಷಾರಾಮವೆಂದು ತೋರುವುದು ಸಹಜ. ಆದರೆ ಅದನ್ನು ದಿನವೂ ಚೆಲ್ಲಿ ತುಂಬಬೇಕಾಗಿಲ್ಲ; ಸೋಸಿ ಸೋಸಿ ಅದೇ ನೀರನ್ನು ತಿರುಗಿಸುತ್ತಾರೆ. ಮಕ್ಕಳಿಗೆ ಕಲಿಸುವುದಕ್ಕೆ ಅದರ ಅರ್ಧದಷ್ಟು ಉದ್ದ, ಎದೆಯುದ್ದ ಆಳದ ಕೊಳವೂ ಸಾಕು. ಸಿಮೆಂಟು ಇಲ್ಲಿಯೇ ಹುಟ್ಟುತ್ತದೆ, ಫರಸಿ ಇಲ್ಲಿಯೇ ಸಿಕ್ಕುತ್ತದೆ. ಕಾರಖಾನೆಗಳು ತಮ್ಮ ಲಾಭದ ಒಂದು ಪಾಲನ್ನು ಸಾರ್ವಜನಿಕ ಹಿತಕ್ಕೆ ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯಿದೆಯು ಕಟ್ಟು ಮಾಡಿದೆ. ಇವು ಮೂರೂ ಒಂದೇ ಊರಿನಲ್ಲಿ ಕೂಡಿರುವಾಗ ಒಂದು ಕೊಳವು ಕೂಡಿಬರದಿರುವುದೇಕೆಂದು ನಮಗೆ ತಿಳಿಯದು.

ಅದಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ. ದೇಶದಲ್ಲಿ ಪ್ರತಿವರ್ಷ ಮೂವತ್ತು ಸಾವಿರಕ್ಕೂ ಮಿಕ್ಕಿ ಜನರು ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಅವರಲ್ಲಿ ಮಕ್ಕಳು ಬಹಳ. ಕೆಲಸ ಬಿಟ್ಟ ಗಣಿಗಳಿಗೆ ಬೇಲಿ ಹಾಕಬೇಕೆಂಬುದು ಗಣಿಯ ನಿಯಮಗಳಲ್ಲಿ ಇದ್ದೇ ಇದೆ. ಚಿತಾಪುರ, ಶಹಾಬಾದ ತಾಲೂಕುಗಳ ತಹಸೀಲದಾರರೂ ಗಣಿ ಇಲಾಖೆಯ ಅಧಿಕಾರಿಗಳೂ ಮೃಗಶಿರಾ ಮಳೆಗೆ ಮುಂಚೆ ಇಂಥ ಕುಣಿಗಳ ಯಾದಿಯನ್ನು ತಯಾರಿಸಿ, ಬೇಲಿಯಿಲ್ಲದವುಗಳ ಒಡೆಯರಿಗೆ ನೋಟೀಸು ಕೊಡಲಿ. ಪ್ರತಿಯೊಂದು ಕುಣಿಯ ದಂಡೆಯಲ್ಲಿ ಒಂದು ಗೂಟ, ಗೂಟಕ್ಕೆ ಇಪ್ಪತ್ತು ಮಾರು ಹಗ್ಗ, ಹಗ್ಗದ ತುದಿಗೆ ಗಾಳಿ ತುಂಬಿದ ಹಳೆಯ ಟ್ಯೂಬು: ಇಷ್ಟಕ್ಕೆ ತಗಲುವ ವೆಚ್ಚವು ಒಂದು ಗ್ರಾಮ ಪಂಚಾಯತಿಯ ಶಕ್ತಿಯನ್ನು ಮೀರಿದುದಲ್ಲ. ಯಾದಿಯು ಸಿದ್ಧವಾದರೆ ಅದನ್ನು ಊರು, ಸರ್ವೇ ನಂಬರುಗಳೊಡನೆ ಈ ಪುಟದಲ್ಲಿಯೇ ಶುಲ್ಕವಿಲ್ಲದೆ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.